ಸಾಗರದ ಅಂಚಿನ ಪ್ರವಾಹಗಳು ಮತ್ತು ಹವಾಗುಣ: ಪದೇ ಪದೇ ಕೇಳುವ ಪ್ರಶ್ನೆಗಳು

ಕಡಲ ಪ್ರವಾಹಗಳ ಮಾತು ಬಂದರೆ ಹೆಚ್ಚಿನವರು ಮೊದಲು ಕೇಳುವುದು "ಗಲ್ಫ್ ಸ್ಟ್ರೀಮ್ ನಿಂತುಹೋಗುತ್ತದಂತೆ, ಹೌದೇ?" ಎಂದು. ಅದಕ್ಕೆ ಉತ್ತರ ಕೆಳಗಿದೆ. ಆದರೆ ಮೊದಲಿನ ಆರು ಪ್ರಶ್ನೆಗಳನ್ನು ದಾಟಿಕೊಂಡು ಅಲ್ಲಿಗೆ ಹೋದರೆ ಒಳ್ಳೆಯದು. ಇಲ್ಲವಾದರೆ ಯಾವುದು ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂಬುದೇ ಗೊಂದಲವಾಗುತ್ತದೆ.

ಅಂಚಿನ ಪ್ರವಾಹ ಎಂದರೇನು?

ಇಲ್ಲಿ ಪ್ರವಾಹ ಎಂದರೆ ನೆರೆಯಲ್ಲ. ಸಮುದ್ರದೊಳಗೆ ಒಂದೇ ದಿಕ್ಕಿಗೆ ನಿರಂತರವಾಗಿ ಸಾಗುವ ನೀರಿನ ಹರಿವು. ಖಂಡಗಳ ದಡಕ್ಕೆ ಒತ್ತಿಕೊಂಡು, ಸಾಗರದ ಅಂಚಿನಲ್ಲಿ ಹರಿಯುವುದು ಅಂಚಿನ ಪ್ರವಾಹ. ಇದರಲ್ಲಿ ಎರಡು ಬಗೆ, ಎರಡರ ಸ್ವಭಾವವೂ ಬೇರೆ. ಸಾಗರದ ಪಶ್ಚಿಮದ ಅಂಚಿನಲ್ಲಿರುವವು ಕಿರಿದು, ಆಳ, ರಭಸ. ಸಮಭಾಜಕದ ಕಡೆಯ ಬೆಚ್ಚನೆಯ ನೀರನ್ನು ಧ್ರುವದತ್ತ ಒಯ್ಯುತ್ತವೆ. ಅಟ್ಲಾಂಟಿಕ್‌ನ ಗಲ್ಫ್ ಸ್ಟ್ರೀಮ್ ಮತ್ತು ಬ್ರೆಜಿಲ್ ಪ್ರವಾಹ, ಪೆಸಿಫಿಕ್‌ನ ಕುರೋಶಿಯೋ ಮತ್ತು ಪೂರ್ವ ಆಸ್ಟ್ರೇಲಿಯಾ ಪ್ರವಾಹ, ಹಿಂದೂ ಮಹಾಸಾಗರದ ಅಗುಲ್ಹಾಸ್ ಈ ಗುಂಪಿನವು. ಪೂರ್ವದ ಅಂಚಿನವು ಅಗಲ, ತೆಳು, ನಿಧಾನ. ಬಹುಮಟ್ಟಿಗೆ ತಣ್ಣನೆಯ ನೀರನ್ನು ಸಮಭಾಜಕದತ್ತ ತರುತ್ತವೆ. ಪೆರು ತೀರದ ಹಂಬೋಲ್ಟ್, ಕ್ಯಾಲಿಫೋರ್ನಿಯಾ, ಕೆನರಿ, ಬೆಂಗುವೆಲಾ ಈ ಬಗೆಯವು.

ನಕಾಶೆ ನೋಡುವಾಗ ಒಂದು ಎಚ್ಚರ. "ಪಶ್ಚಿಮದ ಅಂಚು" ಎಂದರೆ ಸಾಗರದ ಪಶ್ಚಿಮ, ಅಂದರೆ ಖಂಡದ ಪೂರ್ವ ಕರಾವಳಿ. ಅಮೆರಿಕದ ಪೂರ್ವ ಕರಾವಳಿಯ ಗಲ್ಫ್ ಸ್ಟ್ರೀಮ್ ಪಶ್ಚಿಮದ ಅಂಚಿನ ಪ್ರವಾಹ. ಇಲ್ಲಿ ಎಡವದವರು ಕಡಿಮೆ.

ಪಶ್ಚಿಮದ ಅಂಚಿನಲ್ಲೇ ಏಕೆ ಅಷ್ಟು ರಭಸ?

ಗಾಳಿ ಸಾಗರದ ಎರಡೂ ಕಡೆ ಒಂದೇ ತರ ಬೀಸುತ್ತದೆ. ಹಾಗಿದ್ದ ಮೇಲೆ ಗಾಳಿಯಿಂದಾಗಿ ಸಾಗರದ ನೀರು ಸುತ್ತುವ ದೊಡ್ಡ ವರ್ತುಲ ಎರಡೂ ದಡಗಳಲ್ಲಿ ಸಮನಾಗಿ ಹರಿಯಬೇಕಿತ್ತಲ್ಲ? ಈ ಒಗಟನ್ನು 1948ರಲ್ಲಿ ಅಮೆರಿಕದ ಕಡಲ ವಿಜ್ಞಾನಿ ಹೆನ್ರಿ ಸ್ಟೋಮೆಲ್ ಬಿಡಿಸಿದರು. ಭೂಮಿ ತಿರುಗುವುದರಿಂದ ಚಲಿಸುವ ನೀರು ಪಕ್ಕಕ್ಕೆ ವಾಲುತ್ತದೆ. ಇದು ಎಲ್ಲರಿಗೂ ಗೊತ್ತಿದ್ದದ್ದೇ. ಆ ವಾಲಿಕೆ ಎಲ್ಲ ಅಕ್ಷಾಂಶಗಳಲ್ಲೂ ಒಂದೇ ಅಲ್ಲ, ಧ್ರುವದತ್ತ ಹೋದಂತೆ ಹೆಚ್ಚುತ್ತದೆ. ಗುಟ್ಟು ಇರುವುದು ಈ ಹೆಚ್ಚಳದಲ್ಲಿ ಎಂದು ಸ್ಟೋಮೆಲ್ ತೋರಿಸಿದರು. ವಾಲಿಕೆ ಎಲ್ಲೆಡೆ ಒಂದೇ ಎಂದು ಲೆಕ್ಕ ಹಾಕಿದರೆ ವರ್ತುಲ ಎರಡೂ ಕಡೆ ಸಮನಾಗಿ ಬರುತ್ತದೆ. ಅಕ್ಷಾಂಶದೊಂದಿಗೆ ಬದಲಾಗುತ್ತದೆ ಎಂದು ಇಟ್ಟರೆ ವರ್ತುಲವೇ ಪಶ್ಚಿಮಕ್ಕೆ ಸರಿದು ದಡಕ್ಕೆ ಒತ್ತಿಕೊಳ್ಳುತ್ತದೆ. ಗಾಳಿ ಇಡೀ ಸಾಗರದ ಮೇಲೆ ಸಾವಕಾಶವಾಗಿ ದೂಡಿದ ನೀರೆಲ್ಲ ಪಶ್ಚಿಮದ ನೂರು ಕಿಲೋಮೀಟರ್ ಅಗಲದ ಓಣಿಯೊಂದರಲ್ಲಿ ನುಗ್ಗಿ ವಾಪಸಾಗಬೇಕು. ರಭಸ ಹುಟ್ಟುವುದು ಅಲ್ಲಿ.

ಎಷ್ಟು ನೀರು ಹರಿಯುತ್ತದೆ?

ಕಡಲ ವಿಜ್ಞಾನಿಗಳ ಅಳತೆ ಸ್ವೆರ್ಡ್ರಪ್. ಒಂದು ಸ್ವೆರ್ಡ್ರಪ್ ಎಂದರೆ ಸೆಕೆಂಡಿಗೆ 10 ಲಕ್ಷ ಘನ ಮೀಟರ್ ನೀರು. ಜಗತ್ತಿನ ಎಲ್ಲ ನದಿಗಳೂ ಸೇರಿ ಕಡಲಿಗೆ ಸುರಿಯುವುದು ಒಂದೂಕಾಲು ಸ್ವೆರ್ಡ್ರಪ್‌ನ ಆಸುಪಾಸು. ಫ್ಲೋರಿಡಾ ಜಲಸಂಧಿಯೊಂದರಲ್ಲೇ ಸುಮಾರು 32 ಸ್ವೆರ್ಡ್ರಪ್ ಹರಿಯುತ್ತದೆ. ಅದೇ ನೀರು ಗಲ್ಫ್ ಸ್ಟ್ರೀಮ್ ಆಗಿ ತೆರೆದ ಸಾಗರಕ್ಕೆ ಇಳಿದು, ಅಕ್ಕಪಕ್ಕದ ಸುಳಿಗಳನ್ನೂ ಸೇರಿಸಿಕೊಂಡು 100 ಸ್ವೆರ್ಡ್ರಪ್ ದಾಟುತ್ತದೆ. ಅಗುಲ್ಹಾಸ್‌ನದ್ದು ಸರಾಸರಿ 75ಕ್ಕೂ ಹೆಚ್ಚು. ಪ್ರವಾಹವನ್ನು "ಕಡಲೊಳಗಿನ ನದಿ" ಎನ್ನುವ ರೂಢಿ ಇದೆ. ಲೆಕ್ಕ ನೋಡಿದರೆ ನದಿ ಇದರ ಮುಂದೆ ಏನೂ ಅಲ್ಲ.

ಪ್ರವಾಹಗಳು ಏರಿಳಿಯುತ್ತವೆ ಎನ್ನುತ್ತಾರೆ. ನಿಜಕ್ಕೂ ಬದಲಾಗುವುದು ಏನು?

ಪ್ರವಾಹವನ್ನು ನಲ್ಲಿಯಂತೆ ಕಲ್ಪಿಸಿಕೊಂಡರೆ ತಪ್ಪು ಶುರುವಾಗುವುದೇ ಇಲ್ಲಿಂದ. ಹೆಚ್ಚು ತಿರುಗಿಸಿದರೆ ಹೆಚ್ಚು ನೀರು, ಕಡಿಮೆ ತಿರುಗಿಸಿದರೆ ಕಡಿಮೆ. ಸುದ್ದಿಗಳ ತಲೆಬರಹಗಳಲ್ಲಿ ಕಾಣುವುದು ಇಷ್ಟೇ. ಆದರೆ ಎಷ್ಟು ನೀರು ಎಂಬುದರ ಜೊತೆಗೆ ಅದು ಎಲ್ಲಿ ಹರಿಯುತ್ತಿದೆ, ಎಷ್ಟು ಅಗಲವಾಗಿದೆ, ಎಷ್ಟು ಸುಳಿಗಳನ್ನು ಕಳಚಿ ಬಿಡುತ್ತಿದೆ ಎಂಬುದೂ ಬದಲಾಗುತ್ತದೆ. ಹವಾಗುಣದ ಮಟ್ಟಿಗೆ ಎಷ್ಟೋ ಸಲ ಈ ಎರಡನೆಯ ಬಗೆಯ ಬದಲಾವಣೆಯೇ ಹೆಚ್ಚು ತೂಕದ್ದು ಎಂದು ನನ್ನ ಅನಿಸಿಕೆ.

ಜಪಾನಿನ ದಕ್ಷಿಣ ಕರಾವಳಿಯ ಕುರೋಶಿಯೋ ಇದಕ್ಕೆ ಒಳ್ಳೆಯ ಸಾಕ್ಷಿ. ಅದಕ್ಕೆ ಎರಡು ಚಾಳಿ. ಕೆಲವು ವರ್ಷ ದಡಕ್ಕೆ ಅಂಟಿಕೊಂಡು ನೆಟ್ಟಗೆ ಹರಿಯುತ್ತದೆ. ಕೆಲವು ವರ್ಷ ದಕ್ಷಿಣಕ್ಕೆ ದೊಡ್ಡದೊಂದು ಬಳಸುದಾರಿ ಹಿಡಿದು ಮತ್ತೆ ದಡದತ್ತ ಮರಳುತ್ತದೆ, ನಡುವೆ ತಣ್ಣೀರಿನ ಮಡುವೊಂದು ಸಿಕ್ಕಿಕೊಳ್ಳುತ್ತದೆ. ಇದನ್ನು ಅಲ್ಲಿನವರು ಮಹಾ ಬಾಗು ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ. 2017ರ ಆಗಸ್ಟ್‌ನಲ್ಲಿ ಆರಂಭವಾದ ಬಾಗು 2025ರ ಏಪ್ರಿಲ್‌ವರೆಗೆ ಉಳಿಯಿತು. 1965ರಿಂದ ಇರುವ ದಾಖಲೆಯಲ್ಲಿ ಇಷ್ಟು ದೀರ್ಘವಾದದ್ದು ಮತ್ತೊಂದಿಲ್ಲ. ಹಿಂದಿನ ದಾಖಲೆ ಐದು ವರ್ಷವನ್ನೂ ಮುಟ್ಟಿರಲಿಲ್ಲ. ಬಾಗು ಇರುವಾಗ ಬೆಚ್ಚನೆಯ ನೀರಿನ ಕವಲೊಂದು ಟೋಕಾಯ್ ಕರಾವಳಿಗೆ ನುಗ್ಗುತ್ತದೆ, ಅಲ್ಲಿ ಕಡಲ ಮಟ್ಟ ಏರುತ್ತದೆ, ಮೀನುಗಳ ಜಾಡು ತಪ್ಪುತ್ತದೆ, ಪಕ್ಕದ ನೆಲದ ಬೇಸಿಗೆಯ ಧಗೆಯೂ ಹೆಚ್ಚುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಇಷ್ಟೆಲ್ಲ ಆಗಲು ನೀರಿನ ಒಟ್ಟು ಪ್ರಮಾಣ ಕುಗ್ಗಬೇಕೆಂದಾಗಲೀ ಹಿಗ್ಗಬೇಕೆಂದಾಗಲೀ ಇಲ್ಲ. ಹಾದಿ ಬದಲಾದರೆ ಸಾಕು.

ಅಗುಲ್ಹಾಸ್‌ನ ಕತೆಯೂ ಹೀಗೆಯೇ. ಗಾಳಿ ಬಲವಾಗುತ್ತಿರುವಾಗ ಅದೂ ಬಲಗೊಂಡಿರಬೇಕು ಎಂದು ಎಣಿಸಿದ್ದರು. ಅಳತೆಗಳನ್ನೂ ಉಪಗ್ರಹದ ದಾಖಲೆಯನ್ನೂ ಕೂಡಿಸಿ ನೋಡಿದಾಗ ಕಂಡದ್ದು ಬೇರೆ: 1990ರ ದಶಕದ ಆರಂಭದಿಂದೀಚೆಗೆ ಪ್ರವಾಹ ಬಲಗೊಂಡಿಲ್ಲ, ಅಗಲವಾಗಿದೆ. ಅಂಕುಡೊಂಕು ಮತ್ತು ಸುಳಿಗಳು ಹೆಚ್ಚಿ, ಗಾಳಿ ಕೊಟ್ಟ ಶಕ್ತಿ ಅಲ್ಲಿಗೆ ಸೋರಿಹೋಗುತ್ತಿದೆ. ಗಲ್ಫ್ ಸ್ಟ್ರೀಮ್‌ನಿಂದ ಕಳಚಿಕೊಳ್ಳುವ ಬೆಚ್ಚನೆಯ ಸುಳಿಗಳೂ ಹೆಚ್ಚಿವೆ. 1980ರಿಂದ 1999ರವರೆಗೆ ವರ್ಷಕ್ಕೆ ಸರಾಸರಿ 18 ಇದ್ದದ್ದು 2000ದ ನಂತರ 33ಕ್ಕೆ ಏರಿತು.

ಈ ಬದಲಾವಣೆಗೆ ಕಾರಣ ಗಾಳಿಯೇ?

ಮೊದಲ ಕಾರಣ ಗಾಳಿ, ಆದರೆ ಅದರ ಸಂದೇಶ ತಡವಾಗಿ ತಲುಪುತ್ತದೆ. ಸಾಗರದ ನಡುವೆ ಗಾಳಿಯ ವಿನ್ಯಾಸ ಬದಲಾದರೆ ನೀರಿನ ಒಳಪದರದಲ್ಲಿ ಉಬ್ಬುತಗ್ಗು ಹುಟ್ಟಿ, ರಾಸ್ಬಿ ಅಲೆ ಎಂಬ ಹೆಸರಿನಲ್ಲಿ ಪಶ್ಚಿಮಕ್ಕೆ ಹೊರಡುತ್ತದೆ. ಮಧ್ಯ ಅಕ್ಷಾಂಶಗಳಲ್ಲಿ ಇದರ ವೇಗ ಸೆಕೆಂಡಿಗೆ ಕೆಲವೇ ಸೆಂಟಿಮೀಟರ್, ಆಮೆಯೂ ಹಿಂದೆ ಹಾಕಬಹುದು. ಉತ್ತರ ಪೆಸಿಫಿಕ್‌ನ ನಡುಭಾಗದಿಂದ ಕುರೋಶಿಯೋ ಜಪಾನ್ ದಡವನ್ನು ಬಿಟ್ಟು ಪೂರ್ವಕ್ಕೆ ಹೊರಳುವ ಜಾಗಕ್ಕೆ ಮುಟ್ಟಲು ಮೂರ್ನಾಲ್ಕು ವರ್ಷ ಬೇಕು. ಹಾಗಾಗಿ ಅಲ್ಲಿ ಇಂದು ಕಾಣುವ ಬದಲಾವಣೆಯಲ್ಲಿ ಮೂರ್ನಾಲ್ಕು ವರ್ಷ ಹಿಂದಿನ ಗಾಳಿಯ ಪಾಲಿರುತ್ತದೆ. ಹವಾಗುಣ ಮುನ್ಸೂಚನೆಯ ಕೆಲಸದವರಿಗೆ ಇದು ವರ. ಅಲೆ ಹೊರಟದ್ದು ಉಪಗ್ರಹದಲ್ಲಿ ಕಂಡರೆ, ಅದು ತಲುಪಿದಾಗ ಏನಾಗಬಹುದೆಂದು ಮೊದಲೇ ಅಂದಾಜು ಮಾಡಬಹುದು.

ಎರಡನೆಯ ಕಾರಣ ಪ್ರವಾಹದ ಸ್ವಂತ ಅಸ್ಥಿರತೆ. ಇಷ್ಟು ರಭಸದ ಹರಿವು ನೆಟ್ಟಗಿರಲಾರದು. ಬಳುಕುತ್ತದೆ, ಬಳುಕು ದೊಡ್ಡದಾಗಿ ಕತ್ತರಿಸಿಕೊಂಡು ಸುಳಿಯಾಗುತ್ತದೆ, ಆ ಸುಳಿ ಮತ್ತೆ ಬಂದು ಪ್ರವಾಹಕ್ಕೇ ಗುದ್ದುತ್ತದೆ. ಗಣಕ ಮಾದರಿಯಲ್ಲಿ ಗಾಳಿಯನ್ನು ವರ್ಷಾನುಗಟ್ಟಲೆ ಒಂದಿಷ್ಟೂ ಬದಲಿಸದೆ ಇಟ್ಟರೂ ಪ್ರವಾಹ ಮಾತ್ರ ಏರಿಳಿಯುತ್ತಲೇ ಇರುತ್ತದೆ. ಯಾರೂ ಕೀಟಲೆ ಮಾಡದಿದ್ದರೂ ತಾನೇ ಕೆರಳುವ ಸ್ವಭಾವ.

ಕಡಲಿನ ಈ ಆಟ ಗಾಳಿ, ಮಳೆಗೆ ಹೇಗೆ ತಗಲುತ್ತದೆ?

ಶಾಖದ ಮೂಲಕ. ಅಟ್ಲಾಂಟಿಕ್‌ನಲ್ಲಿ ಉತ್ತರದ 26ನೇ ಅಕ್ಷಾಂಶ ದಾಟಿ ಸಾಗರ ಒಯ್ಯುವ ಶಾಖ ಸುಮಾರು 1.2 ಪೆಟಾವ್ಯಾಟ್, ಅಂದರೆ 1.2ರ ಲೆಕ್ಕಕ್ಕೆ ಹತ್ತರ ಹದಿನೈದನೇ ಘಾತ ಗುಣಿಸಿದಷ್ಟು ವ್ಯಾಟ್. ಚಳಿಗಾಲದಲ್ಲಿ ಖಂಡದ ಒಳಗಿನಿಂದ ಕೊರೆಯುವ ಒಣಗಾಳಿ ಬಂದು ಗಲ್ಫ್ ಸ್ಟ್ರೀಮ್ ಅಥವಾ ಕುರೋಶಿಯೋದ ಬೆಚ್ಚನೆಯ ಮೈಮೇಲೆ ಹಾಯುತ್ತದಲ್ಲ, ಆಗ ಕಡಲು ಹಬೆಯಾಡುತ್ತದೆ. ಇಡೀ ಭೂಗೋಳದಲ್ಲಿ ಕಡಲು ಗಾಳಿಗೆ ಅತಿ ಹೆಚ್ಚು ಶಾಖ ಬಿಟ್ಟುಕೊಡುವ ತಾಣಗಳು ಇವೇ. ಬಿರುಗಾಳಿಗಳ ದಾರಿಗೆ ಇಲ್ಲಿಂದಲೇ ಮೇವು.

ಮಧ್ಯ ಅಕ್ಷಾಂಶಗಳಲ್ಲಿ ಗಾಳಿಯೇ ಯಜಮಾನ, ಕಡಲು ಅದು ಹೇಳಿದಂತೆ ಕೇಳುತ್ತದೆ ಎಂಬ ನಂಬಿಕೆ ಬಹುಕಾಲ ಇತ್ತು. ಪ್ರವಾಹಗಳ ಮೇಲೆ ಮಾತ್ರ ಅದು ತಿರುಗುಮುರುಗಾಗುತ್ತದೆ. ಗಲ್ಫ್ ಸ್ಟ್ರೀಮ್‌ನ ಬೆಚ್ಚನೆ ಅಂಚಿನ ಉದ್ದಕ್ಕೂ ಕಿರಿದಾದ ಮಳೆಪಟ್ಟಿಯೊಂದು ನಿಂತಿರುತ್ತದೆಂದೂ ಅದರ ಪ್ರಭಾವ ಮೋಡಗಳ ಎತ್ತರದಾಚೆಗೆ, ವಾಯುಮಂಡಲದ ಕೆಳಪದರದ ನೆತ್ತಿಯವರೆಗೆ ಮುಟ್ಟುತ್ತದೆಂದೂ 2008ರಲ್ಲಿ ಜಪಾನಿನ ವಿಜ್ಞಾನಿಗಳ ನೇತೃತ್ವದ ತಂಡ ತೋರಿಸಿತು. ಮಳೆಪಟ್ಟಿ ಪ್ರವಾಹದ ಹಾದಿಯನ್ನೇ ಅನುಸರಿಸುತ್ತದೆ. ಹಾದಿ ಸರಿದರೆ ಮಳೆಯೂ ಸರಿಯುತ್ತದೆ.

ಚಂಡಮಾರುತಗಳಿಗೂ ಇದು ಮೇವು. 2005ರಲ್ಲಿ ಕತ್ರಿನಾ ಮೆಕ್ಸಿಕೋ ಕೊಲ್ಲಿಯ ಲೂಪ್ ಪ್ರವಾಹದ ಆಳವಾದ ಬೆಚ್ಚನೆ ನೀರಿನ ಮೇಲೆ ಹಾದಾಗ ಐದನೇ ದರ್ಜೆಗೆ ಏರಿತು. ಸಾಮಾನ್ಯವಾಗಿ ಚಂಡಮಾರುತ ಕಡಲನ್ನು ಕಲಕಿ ಅಡಿಯ ತಣ್ಣೀರನ್ನು ಮೇಲಕ್ಕೆ ತಂದು ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಳ್ಳುತ್ತದೆ. ಅಡಿಯಲ್ಲೂ ಬಿಸಿನೀರೇ ಇದ್ದರೆ ಆ ತಡೆ ಇರುವುದಿಲ್ಲ.

ಸರಿ, ಗಲ್ಫ್ ಸ್ಟ್ರೀಮ್ ನಿಂತುಹೋಗುತ್ತದೆಯೇ?

ಇಲ್ಲ. ಗಾಳಿ ಬೀಸುತ್ತಿರುವವರೆಗೆ, ಭೂಮಿ ತಿರುಗುತ್ತಿರುವವರೆಗೆ, ಅಟ್ಲಾಂಟಿಕ್‌ಗೆ ಪಶ್ಚಿಮದಲ್ಲಿ ದಡವಿರುವವರೆಗೆ ಗಲ್ಫ್ ಸ್ಟ್ರೀಮ್ ಇರುತ್ತದೆ.

ಆತಂಕ ಇರುವುದು ಅದರ ಜೊತೆಗೂಡಿ ಸಾಗುವ ಇನ್ನೊಂದು ಚಲನೆಯ ಬಗ್ಗೆ. ಅಟ್ಲಾಂಟಿಕ್‌ನಲ್ಲಿ ಬೆಚ್ಚನೆಯ ಉಪ್ಪುನೀರು ಮೇಲ್ಮೈಯಲ್ಲಿ ಉತ್ತರಕ್ಕೆ ಹೋಗಿ, ತಣ್ಣಗಾಗಿ ಭಾರವಾಗಿ ಮುಳುಗಿ, ಆಳದಲ್ಲಿ ದಕ್ಷಿಣಕ್ಕೆ ವಾಪಸಾಗುತ್ತದೆ. ಈ ಮೇಲುಕೆಳಗಿನ ಚಲನೆಯ ಒಂದು ಪಾಲು ಗಲ್ಫ್ ಸ್ಟ್ರೀಮ್‌ನ ಬೆನ್ನೇರಿ ಹೋಗುತ್ತದೆ. 26.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ 2004ರಿಂದ ಸಾಗರದ ಅಡ್ಡಕ್ಕೆ ಉಪಕರಣಗಳ ಸಾಲು ಕಟ್ಟಿ ಇದನ್ನು ಸತತವಾಗಿ ಅಳೆಯುತ್ತಿದ್ದಾರೆ. ಸರಾಸರಿ ಸುಮಾರು 17 ಸ್ವೆರ್ಡ್ರಪ್. ಗ್ರೀನ್‌ಲ್ಯಾಂಡ್‌ನ ಹಿಮ ಕರಗಿ ಸಿಹಿನೀರು ಸೇರಿದಂತೆ, ಮೇಲ್ಮೈ ಬಿಸಿಯಾದಂತೆ, ನೀರು ಮುಳುಗುವುದು ಕಷ್ಟವಾಗುತ್ತದೆ. ಈ ಚಲನೆ 21ನೇ ಶತಮಾನದಲ್ಲಿ ಕುಗ್ಗುವುದು ಬಹುಮಟ್ಟಿಗೆ ಖಚಿತ, ಆದರೆ 2100ಕ್ಕೆ ಮೊದಲೇ ಹಠಾತ್ತನೆ ಕುಸಿಯಲಾರದು ಎಂಬುದಕ್ಕೆ ಮಧ್ಯಮ ಮಟ್ಟದ ವಿಶ್ವಾಸವಿದೆ ಎಂದು ವಿಶ್ವಸಂಸ್ಥೆಯ ಹವಾಗುಣ ಸಮಿತಿಯಾದ ಐಪಿಸಿಸಿಯ ಆರನೇ ವರದಿ ಹೇಳಿತು. ಮಧ್ಯಮ ವಿಶ್ವಾಸ ಎಂಬ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಧೈರ್ಯ ಹೇಳುವಷ್ಟೇ ಎಚ್ಚರವನ್ನೂ ಅದು ಹೇಳುತ್ತದೆ.

ಯೂರೋಪಿನ ಹದವಾದ ಚಳಿಗಾಲಕ್ಕೆ ಗಲ್ಫ್ ಸ್ಟ್ರೀಮ್ ಕಾರಣ ಎಂದು ಶಾಲೆಯಲ್ಲಿ ಓದಿದ್ದೇವೆ.

ಅರ್ಧ ನಿಜ. ಕಡಲು ಬೇಸಿಗೆಯಲ್ಲಿ ಕೂಡಿಟ್ಟ ಶಾಖವನ್ನು ಚಳಿಗಾಲದಲ್ಲಿ ಬಿಡುವುದು ಮತ್ತು ಆ ಬೆಚ್ಚನೆಯನ್ನು ಪಶ್ಚಿಮದ ಗಾಳಿ ಹೊತ್ತು ತರುವುದು ಇದರಲ್ಲಿ ದೊಡ್ಡ ಪಾಲು. ರಾಕಿ ಪರ್ವತಸಾಲು ಗಾಳಿಯ ಹಾದಿಯನ್ನು ಬಗ್ಗಿಸಿ ನೈಋತ್ಯದಿಂದ ಯೂರೋಪಿಗೆ ಕಳಿಸುವುದೂ ಸೇರಿಕೊಂಡಿದೆ. ಪ್ರವಾಹ ಹೊತ್ತು ತರುವ ಶಾಖ ನಾರ್ವೆಯಂಥ ಉತ್ತರದ ತೀರಗಳಲ್ಲಿ ಹೆಚ್ಚು ಕಾಣುತ್ತದೆ.

ಪ್ರವಾಹ ಬದಲಾದರೆ ಕಡಲ ಮಟ್ಟ ಏಕೆ ಬದಲಾಗಬೇಕು?

ಕಡಲ ಮೇಲ್ಮೈ ಸಪಾಟಾಗಿಲ್ಲದ ಕಾರಣ. ಗಲ್ಫ್ ಸ್ಟ್ರೀಮ್‌ನ ಸಾಗರದ ಕಡೆಯ ನೀರು ದಡದ ಕಡೆಗಿಂತ ಸುಮಾರು ಒಂದು ಮೀಟರ್ ಎತ್ತರದಲ್ಲಿದೆ. ಈ ಇಳಿಜಾರನ್ನು ಎತ್ತಿ ಹಿಡಿದಿರುವುದೇ ಪ್ರವಾಹದ ವೇಗ. ವೇಗ ತಗ್ಗಿದರೆ ಇಳಿಜಾರು ಸಡಿಲವಾಗಿ ದಡದ ಕಡೆ ನೀರು ಏರುತ್ತದೆ. 2009–10ರಲ್ಲಿ ಅಟ್ಲಾಂಟಿಕ್‌ನ ಮೇಲುಕೆಳಗಿನ ಚಲನೆ ಶೇಕಡ 30ರಷ್ಟು ತಗ್ಗಿದಾಗ, ಗಾಳಿಯ ಬದಲಾವಣೆಯೂ ಕೂಡಿ, ನ್ಯೂಯಾರ್ಕ್‌ನಿಂದ ಉತ್ತರದ ಕರಾವಳಿಯಲ್ಲಿ ಕಡಲು ತಾತ್ಕಾಲಿಕವಾಗಿ 10 ಸೆಂಟಿಮೀಟರ್‌ಗೂ ಹೆಚ್ಚು ಏರಿತ್ತು.

ಪೂರ್ವದ ಅಂಚಿನ ಪ್ರವಾಹಗಳಿಗೆ ಏಕೆ ಅಷ್ಟು ಪ್ರಚಾರ ಇಲ್ಲ?

ರಭಸ ಇಲ್ಲದ್ದಕ್ಕೆ ಇರಬೇಕು. ಆದರೆ ಮೀನುಗಾರರನ್ನು ಕೇಳಿದರೆ ಮಾತು ಬೇರೆ ಬರುತ್ತದೆ. ಇಲ್ಲಿ ಗಾಳಿ ದಡದುದ್ದಕ್ಕೂ ಬೀಸಿ ಮೇಲಿನ ನೀರನ್ನು ಸಾಗರದತ್ತ ಸರಿಸುತ್ತದೆ, ಆ ಜಾಗಕ್ಕೆ ಆಳದ ತಣ್ಣೀರು ಪೋಷಕಾಂಶಗಳ ಸಮೇತ ಮೇಲೇಳುತ್ತದೆ. ಸಾಗರದ ವಿಸ್ತೀರ್ಣದಲ್ಲಿ ಇಂಥ ಜಾಗ ಶೇಕಡ ಒಂದೆರಡು, ಹಿಡಿಯುವ ಮೀನಿನಲ್ಲಿ ಸುಮಾರು ಐದನೇ ಒಂದು ಪಾಲು.

ಎಲ್ ನಿನೊ ಬಂದಾಗ ಪೆರುವಿನ ತೀರಕ್ಕೆ ಬಿಸಿನೀರಿನ ದಪ್ಪ ಹೊದಿಕೆ ಬೀಳುತ್ತದೆ. ಗಾಳಿ ಎಳೆದರೂ ಮೇಲೇಳುವುದು ಆಳದ ತಣ್ಣೀರಲ್ಲ, ಸಾರವಿಲ್ಲದ ಅದೇ ಬಿಸಿನೀರು. ಅಲ್ಲಿ 1970ರಲ್ಲಿ 1.2 ಕೋಟಿ ಟನ್ ದಾಟಿದ್ದ ಆಂಚೊವಿ ಮೀನಿನ ಹಿಡುವಳಿ 1972–73ರ ಎಲ್ ನಿನೊ ಹೊತ್ತಿಗೆ ಕುಸಿದು 20 ಲಕ್ಷ ಟನ್ ಆಸುಪಾಸಿಗೆ ಬಂತು. ಮಿತಿಮೀರಿ ಹಿಡಿದದ್ದೂ ಕಾರಣ. ಪೂರ್ತಿ ತಪ್ಪನ್ನು ಕಡಲಿನ ತಲೆಗೆ ಕಟ್ಟುವಂತಿಲ್ಲ.

ಆಸ್ಟ್ರೇಲಿಯಾದ ಪಶ್ಚಿಮ ತೀರದ ಲೀವಿನ್ ಈ ಗುಂಪಿನಲ್ಲಿದ್ದೂ ಗುಂಪಿಗೆ ಸೇರದ್ದು. ಪೂರ್ವದ ಅಂಚಿನಲ್ಲಿದ್ದರೂ ಬೆಚ್ಚನೆಯ ನೀರನ್ನು ಧ್ರುವದತ್ತ ಒಯ್ಯುತ್ತದೆ. ಪೆಸಿಫಿಕ್‌ನ ಬೆಚ್ಚನೆ ನೀರು ಇಂಡೋನೇಷ್ಯಾದ ದ್ವೀಪಗಳ ಸಂದಿಯಿಂದ ಇತ್ತ ಸೋರಿಬರುವುದೇ ಇದಕ್ಕೆ ಮೂಲ. 2010–11ರ ಪ್ರಬಲ ಲಾ ನಿನಾದಲ್ಲಿ (ಎಲ್ ನಿನೊದ ವಿರುದ್ಧ ಸ್ಥಿತಿ) ಆ ಸೋರಿಕೆ ಹೆಚ್ಚಿ, ಲೀವಿನ್ ಉಕ್ಕಿ, ಆ ಕಡಲು ವಾಡಿಕೆಗಿಂತ 3ರಿಂದ 5 ಡಿಗ್ರಿ ಬಿಸಿಯಾಯಿತು. ಸುಮಾರು ನೂರು ಕಿಲೋಮೀಟರ್ ಉದ್ದದ ಕರಾವಳಿಯ ಕೆಲ್ಪ್ ಪಾಚಿಯ ಕಾಡು ಅಳಿಯಿತು.

ಮುಂಗಾರಿಗೂ ಇವಕ್ಕೂ ನಂಟಿದೆಯೇ?

ಇದೆ. ಅರಬ್ಬೀ ಸಮುದ್ರದ ಪಶ್ಚಿಮದ ಅಂಚಿನ ಸೊಮಾಲಿ ಪ್ರವಾಹ ವರ್ಷಕ್ಕೆರಡು ಸಲ ದಿಕ್ಕನ್ನೇ ಬದಲಿಸುತ್ತದೆ: ನೈಋತ್ಯ ಮಾರುತದ ಕಾಲದಲ್ಲಿ ಉತ್ತರಕ್ಕೆ, ಈಶಾನ್ಯ ಮಾರುತದ ಕಾಲದಲ್ಲಿ ದಕ್ಷಿಣಕ್ಕೆ. ಮುಂಗಾರಿನಲ್ಲಿ ಅದರ ಮೇಲ್ಮೈ ವೇಗ ಸೆಕೆಂಡಿಗೆ 2 ಮೀಟರ್ ಮೀರುತ್ತದೆ. ಅದರಿಂದ ಒಡೆದು ನಿಲ್ಲುವ ನಾನೂರು ಐನೂರು ಕಿಲೋಮೀಟರ್ ಅಗಲದ ದೈತ್ಯ ಸುಳಿಗೆ "ಮಹಾಸುಳಿ" ಎಂದೇ ಹೆಸರು. ಕುತೂಹಲದ ಸಂಗತಿಯೆಂದರೆ, ನೈಋತ್ಯ ಗಾಳಿ ಸರಿಯಾಗಿ ಬೀಸಲು ಶುರುವಾಗುವ ಮೊದಲೇ ಈ ಸುಳಿಯ ಮೊಳಕೆ ಕಾಣುತ್ತದೆ. ಹಿಂದಿನ ತಿಂಗಳುಗಳ ರಾಸ್ಬಿ ಅಲೆಗಳು ಅಷ್ಟರಲ್ಲಿ ಬಂದು ಮುಟ್ಟಿರುತ್ತವೆ.

ಸೊಮಾಲಿಯಾ, ಒಮಾನ್ ತೀರದಲ್ಲಿ ಆಗ ಮೇಲೇಳುವ ತಣ್ಣೀರು ಅರಬ್ಬೀ ಸಮುದ್ರವನ್ನು ಮುಂಗಾರಿನ ತಿಂಗಳುಗಳಲ್ಲೇ ತಂಪಾಗಿಸುತ್ತದೆ. ನೀರು ತಣ್ಣಗಾದಷ್ಟೂ ಆವಿ ಕಡಿಮೆ. ಈ ತಣ್ಣೀರು ಕಡಿಮೆ ಎದ್ದ ವರ್ಷಗಳಲ್ಲಿ ಭಾರತದ ಪಶ್ಚಿಮ ಕರಾವಳಿಯಲ್ಲಿ ಮಳೆ ಹೆಚ್ಚುವ ಒಲವನ್ನು ಅಧ್ಯಯನಗಳು ಗುರುತಿಸಿವೆ. ಮುಂಗಾರನ್ನು ಎಲ್ ನಿನೊ ಒಂದರ ಕಣ್ಣಿನಿಂದಲೇ ನೋಡುವ ಅಭ್ಯಾಸಕ್ಕೆ ಇದು ಒಳ್ಳೆಯ ಮದ್ದು.

ಬಂಗಾಳ ಕೊಲ್ಲಿಯ ಪಶ್ಚಿಮದ ಅಂಚಿನ ಪ್ರವಾಹವೂ ತಿರುಗುವಂಥದ್ದೇ. ವರ್ಷದ ಮೊದಲ ತಿಂಗಳುಗಳಲ್ಲಿ ಉತ್ತರಕ್ಕೆ ಹರಿಯುತ್ತದೆ, ಮುಂಗಾರು ಮುಗಿದ ಮೇಲೆ ಗಂಗಾ–ಬ್ರಹ್ಮಪುತ್ರದ ಸಿಹಿನೀರನ್ನು ಕರಾವಳಿಗೆ ಒತ್ತಿಕೊಂಡು ದಕ್ಷಿಣಕ್ಕೆ ಒಯ್ಯುತ್ತದೆ.

ಒಂದು ಸಾಗರದ ಪ್ರವಾಹ ಇನ್ನೊಂದು ಸಾಗರವನ್ನು ಮುಟ್ಟಬಲ್ಲದೇ?

ಅಗುಲ್ಹಾಸ್ ಮುಟ್ಟುತ್ತದೆ. ಅದು ಆಫ್ರಿಕಾದ ದಕ್ಷಿಣ ತುದಿ ದಾಟಿದ ಮೇಲೆ ಥಟ್ಟನೆ ಹಿಂದಕ್ಕೆ ಹೊರಳಿ ಹಿಂದೂ ಮಹಾಸಾಗರಕ್ಕೇ ಮರಳುತ್ತದೆ. ಹೊರಳುವ ಆ ಬಳಸಿನಲ್ಲಿ ವರ್ಷಕ್ಕೆ ಐದಾರು ದೊಡ್ಡ ಸುಳಿಗಳು ಕಳಚಿಕೊಂಡು ಅಟ್ಲಾಂಟಿಕ್‌ಗೆ ಜಾರುತ್ತವೆ. ಒಳಗೆ ಹಿಂದೂ ಮಹಾಸಾಗರದ ಬಿಸಿ ಮತ್ತು ಉಪ್ಪು. ದಕ್ಷಿಣ ಗೋಳಾರ್ಧದ ಪಶ್ಚಿಮ ಮಾರುತಗಳು ಧ್ರುವದತ್ತ ಸರಿದಂತೆ ಈ ಸೋರಿಕೆ ಹೆಚ್ಚುತ್ತದೆ ಎನ್ನುತ್ತವೆ ಮಾದರಿಗಳು. ಹೆಚ್ಚಿನ ಉಪ್ಪು ದಶಕಗಳ ನಂತರ ಉತ್ತರಕ್ಕೆ ತಲುಪಿ, ಅಲ್ಲಿ ನೀರು ಮುಳುಗಲು ಒಂದಿಷ್ಟು ನೆರವಾಗಬಹುದು. ಗ್ರೀನ್‌ಲ್ಯಾಂಡ್‌ನ ಸಿಹಿನೀರು ಎಳೆಯುವ ದಿಕ್ಕಿಗೆ ಇದು ಎದುರು.

ಈ ಪ್ರವಾಹಗಳ ಜಾಡಿನಲ್ಲೇ ಕಡಲು ಹೆಚ್ಚು ಬಿಸಿಯಾಗುತ್ತಿದೆ ಎನ್ನುತ್ತಾರಲ್ಲ?

ಹೌದು. 1900ರಿಂದೀಚೆಗೆ ಪಶ್ಚಿಮದ ಅಂಚಿನ ಪ್ರವಾಹಗಳ ಜಾಡಿನಲ್ಲಿ ಕಡಲ ಮೇಲ್ಮೈ, ಜಾಗತಿಕ ಸರಾಸರಿಯ ಎರಡು ಮೂರು ಪಟ್ಟು ವೇಗದಲ್ಲಿ ಬಿಸಿಯಾಗಿದೆ. ಗಾಳಿಯ ಪಟ್ಟಿಗಳು ಧ್ರುವದತ್ತ ಸರಿಯುತ್ತಿರುವುದರಿಂದ ಪ್ರವಾಹಗಳ ತುದಿಯೂ ಆ ಕಡೆಗೆ ಚಾಚುತ್ತಿದೆ. ಪೂರ್ವ ಆಸ್ಟ್ರೇಲಿಯಾ ಪ್ರವಾಹದ ಬಾಲ ಟ್ಯಾಸ್ಮೇನಿಯಾದತ್ತ ಬೆಳೆದು, 2015–16ರಲ್ಲಿ ಟ್ಯಾಸ್ಮನ್ ಸಮುದ್ರದಲ್ಲಿ 251 ದಿನ ಎಡೆಬಿಡದ ಕಡಲ ಬಿಸಿಯಲೆ ಉಳಿಯಿತು. ಉತ್ತರದ ಬೆಚ್ಚನೆ ನೀರಿನ ಉದ್ದಮುಳ್ಳಿನ ಕಡಲ ಚೆಂಡುಗಳು (ಸೀ ಅರ್ಚಿನ್ ಎಂಬ ಜೀವಿಗಳು) ಪ್ರವಾಹದ ಜೊತೆ ಬಂದು ಟ್ಯಾಸ್ಮೇನಿಯಾದ ಪಾಚಿಕಾಡನ್ನು ಮೇಯ್ದು ಬೋಳು ಮಾಡುತ್ತಿವೆ.

ಇದನ್ನೆಲ್ಲ ಅಳೆಯುವುದು ಹೇಗೆ? ಅಳತೆಯನ್ನು ನಂಬಬಹುದೇ?

1769ರ ಆಸುಪಾಸಿನಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಗಲ್ಫ್ ಸ್ಟ್ರೀಮ್‌ನ ನಕಾಶೆ ಮಾಡಿಸಿದ್ದು ತಿಮಿಂಗಿಲ ಬೇಟೆಯ ನಾವಿಕ ಟಿಮೊಥಿ ಫೋಲ್ಜರ್ ಹೇಳಿಕೊಟ್ಟಂತೆ. ಇಂದು 1992ರಿಂದ ಉಪಗ್ರಹಗಳು ಕಡಲ ಮೈಯ ಏರುತಗ್ಗನ್ನು ಸತತವಾಗಿ ಅಳೆಯುತ್ತಿವೆ, ಸುಮಾರು 4,000 ಆರ್ಗೋ ತೇಲುಯಂತ್ರಗಳು 2,000 ಮೀಟರ್ ಆಳಕ್ಕೆ ಮುಳುಗಿ ಏಳುತ್ತಿವೆ. ಆದರೆ ಪ್ರವಾಹದ ನಡುವೆ ಬಿಟ್ಟ ಆರ್ಗೋ ಅಲ್ಲಿ ನಿಲ್ಲುವುದಿಲ್ಲ, ಕೊಚ್ಚಿಹೋಗುತ್ತದೆ. ಅಳತೆ ಎಲ್ಲಿ ಹೆಚ್ಚು ಬೇಕೋ ಅಲ್ಲೇ ಕಡಿಮೆ. ಮಾದರಿಗಳ ತೊಂದರೆಯೂ ಅದೇ ಜಾಗದಲ್ಲಿದೆ: ನೂರು ಕಿಲೋಮೀಟರ್ ಅಗಲದ ಪ್ರವಾಹವನ್ನು ನೂರು ಕಿಲೋಮೀಟರ್ ಚೌಕದ ಮಾದರಿ ಹೇಗೆ ಹಿಡಿದೀತು? ಹತ್ತು ಕಿಲೋಮೀಟರ್‌ಗೆ ಇಳಿದರೆ ಸುಳಿಗಳು ಮೂಡುತ್ತವೆ, ಗಣಕದ ಖರ್ಚು ಮಾತ್ರ ಎಷ್ಟೋ ಪಟ್ಟು ಏರುತ್ತದೆ.

ಎಲ್ಲಕ್ಕಿಂತ ದೀರ್ಘವಾದ ಸತತ ದಾಖಲೆ ಬಂದಿರುವುದು ಫ್ಲೋರಿಡಾ ಮತ್ತು ಬಹಾಮಾಸ್ ನಡುವೆ ಕಡಲ ತಳದಲ್ಲಿ ಮಲಗಿದ್ದ ದೂರವಾಣಿ ತಂತಿಯಿಂದ. ಉಪ್ಪುನೀರು ವಿದ್ಯುತ್ ಒಯ್ಯುತ್ತದೆ. ಅದು ಭೂಮಿಯ ಕಾಂತಕ್ಷೇತ್ರದೊಳಗೆ ಹರಿದಾಗ ತಂತಿಯಲ್ಲಿ ಸಣ್ಣದೊಂದು ವೋಲ್ಟೇಜ್ ಹುಟ್ಟುತ್ತದೆ. ಅದನ್ನೇ 1982ರಿಂದ ಓದಿಕೊಂಡು ಬಂದಿದ್ದಾರೆ. 2023ರಲ್ಲಿ ಈ ದಾಖಲೆಯನ್ನೂ ಬೇರೆ ಅಳತೆಗಳನ್ನೂ ಕೂಡಿಸಿದ ಅಧ್ಯಯನವೊಂದು ನಾಲ್ಕು ದಶಕದಲ್ಲಿ ಪ್ರವಾಹ ಶೇಕಡ 4ರಷ್ಟು ಕುಗ್ಗಿದೆ ಎಂದಿತು. ಮರುವರ್ಷ ಮತ್ತೊಂದು ತಂಡ ಮರೆತುಹೋಗಿದ್ದ ಸಂಗತಿಯೊಂದನ್ನು ಲೆಕ್ಕಕ್ಕೆ ತಂದಿತು: ಆ ನಾಲ್ಕು ದಶಕದಲ್ಲಿ ಭೂಮಿಯ ಕಾಂತಕ್ಷೇತ್ರವೇ ಅಲ್ಲಿ ದುರ್ಬಲವಾಗಿತ್ತು. ಅದನ್ನು ಸರಿಪಡಿಸಿದಾಗ ಪ್ರವಾಹ ಹೆಚ್ಚುಕಡಿಮೆ ಇದ್ದ ಹಾಗೇ ಇತ್ತು.